ಪೆಟ್ಟಿಗೆಗೆ ಕೊಟ್ಟ ವೀಳ್ಯ

ಮೊನ್ನೆ ಸೆರಗಿಗೆ ಹಾಕಿಕೊಳ್ಳಲು ಒಂದು ಪಿನ್ನು ಬೇಕಾಯಿತು. ಬೇಕೆಂದಾಗ ಪಿನ್ನು ಸಿಕ್ಕಿದ ಹೆಂಗಸನ್ನು ನಾನಂತೂ ಇದುವರೆಗೆ ಕಂಡಿಲ್ಲ. ಬೀರುವಿನ ಖಾನೆಗೆ ಕೈ ಹಾಕಿದರೆ ಒಂದು ಕಾಲಿಲ್ಲದ ಕನ್ನಡಕ, ಒಂಟಿ ಓಲೆ, ಯಾವ ಕಾಲದಲ್ಲೋ ಬೀಗ ಕಳೆದುಕೊಂಡ ಬೀಗದ ಕೈ, ಎಲ್ಲ ಸಿಕ್ಕವು. ಕೊನೆಗೆ ಮೂಲೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ತಗಡಿನ ಡಬ್ಬಿ ಕೈಗೆ ತಗುಲಿತು. ಇದರಲ್ಲೇ ಇರಬೇಕು ಎಂದು ಮುಚ್ಚಳ ತೆಗೆದು ಬೆರಳಿಟ್ಟೆ. ಚುಚ್ಚಿತು. ನೋಡಿದರೆ ಪಿನ್ನಲ್ಲ, ಜಾಲಿ ಮುಳ್ಳು.

ಮುಳ್ಳನ್ನು ಡಬ್ಬಿಯಲ್ಲಿಟ್ಟು ಜೋಪಾನ ಮಾಡುವ ಮುದುಕಿ ಎಂದು ನೀವು ನಗುತ್ತೀರಿ. ನಮ್ಮ ಸೊಸೆಯೂ ನಕ್ಕಳು. "ಎಸೀಲಾ ಅತ್ತೆ?" ಎಂದು ಕೈ ಚಾಚಿದಳು. ನಾನು ಡಬ್ಬಿಯನ್ನು ಎದೆಗವಚಿಕೊಂಡ ಚುರುಕು ನೋಡಿ ಕೈ ಹಿಂದಕ್ಕೆಳೆದುಕೊಂಡಳು. ಮಂಡಿ ನೋವೆಂದು ಹೊಸ್ತಿಲು ದಾಟಲೂ ಅವಳ ಕೈ ಹಿಡಿಯುವವಳು ನಾನು. ಅಂದು ಹೋಗಬೇಕಾಗಿದ್ದ ನಾಮಕರಣಕ್ಕೂ ಹೋಗದೆ ಡಬ್ಬಿ ಹಿಡಿದುಕೊಂಡು ಕಿಟಕಿಯ ಹತ್ತಿರ ಕುಳಿತುಬಿಟ್ಟೆ.

ಅದು ಗ್ರಾಮಫೋನಿನ ಪಿನ್ನುಗಳ ಡಬ್ಬಿ. ಮುಚ್ಚಳದ ಮೇಲೆ ಏನೋ ಚಿತ್ರವಿತ್ತು. ಸವೆದು ಸವೆದು ಈಗ ಹಕ್ಕಿಯೋ ಹೂವೋ ಹೇಳಲಾಗದು. ಡಬ್ಬಿ ನಮ್ಮ ದೊಡ್ಡಪ್ಪನದು. ನಂದಗುಡಿಯ ಪಕ್ಕದ ನಮ್ಮ ಊರಿನಲ್ಲಿ ಯಾವ ಹೊಸ ವಸ್ತು ಬಂದರೂ ಮೊದಲು ದೊಡ್ಡಪ್ಪನ ಕೈಗೇ ಬರಬೇಕು. ಬ್ಯಾಟರಿ ದೀಪ ತಂದವನು ಅವನೇ. ಅದನ್ನು ಹಾಡುಹಗಲಲ್ಲಿ ಬಾವಿಯೊಳಗೆ ಬಿಟ್ಟು, ತಳದಲ್ಲಿ ಬಿದ್ದಿದ್ದ ನಮ್ಮಜ್ಜಿಯ ತಾಮ್ರದ ಚೊಂಬನ್ನು ಊರಿಗೆಲ್ಲ ತೋರಿಸಿದ. ಚೊಂಬನ್ನು ಮೇಲೆತ್ತುವ ಉಪಾಯ ಮಾತ್ರ ಅವನಿಗೆ ಹೊಳೆಯಲಿಲ್ಲ. ಅಜ್ಜಿ ಸಾಯುವವರೆಗೂ ಆ ಬ್ಯಾಟರಿಯನ್ನು "ಹೊಟ್ಟೆ ಉರ್ಸೋ ದೀಪ" ಎಂದೇ ಕರೆಯುತ್ತಿದ್ದಳು.

ದೊಡ್ಡಪ್ಪನ ಹೆಸರು ಮುನಿಶಾಮಪ್ಪ. ಊರವರಿಗೆ ಗೌಡರು. ಸಂಜೆ ಎಮ್ಮೆ ಕರೆದು ಮುಗಿಯುವ ಹೊತ್ತಿಗೆ ನಮ್ಮ ಜಗಲಿಯ ಮೇಲೆ ಅವನಿಗೂ ಸ್ಕೂಲು ಮೇಷ್ಟ್ರಿಗೂ ಚರ್ಚೆ ಶುರುವಾಗುತ್ತಿತ್ತು. ಮೇಷ್ಟ್ರು ಮೈಸೂರಿನ ಕಡೆಯವರು, ತೆಳ್ಳಗಿನ ಮೈ, ಕೋಟಿನ ಜೇಬಿನಲ್ಲಿ ಸದಾ ನಶ್ಯದ ಡಬ್ಬಿ. ಇಬ್ಬರ ನಡುವೆ ಬರೆಯದ ಒಪ್ಪಂದವೊಂದಿತ್ತು: ಯಾವುದಕ್ಕೂ ಒಪ್ಪಬಾರದು. ಹೊಸಕೋಟೆಯಲ್ಲಿ ರಾಗಿ ಬೀಸುವ ಮಿಷನ್ನು ಬಂದಾಗ, "ಬಿಸಿಗೆ ಸತ್ವವೆಲ್ಲ ಸುಟ್ಟು ಹೋಗ್ತದೆ ಗೌಡ್ರೇ, ಆ ಹಿಟ್ಟಿನ ಮುದ್ದೆ ತಿಂದವರಿಗೆ ಮಂಡಿ ಗಟ್ಟಿ ಇರೋಲ್ಲ" ಎಂದರು ಮೇಷ್ಟ್ರು. ದೊಡ್ಡಪ್ಪ ಪಂಚೆ ಮೇಲೆತ್ತಿ, "ನೋಡಿ ಮೇಷ್ಟ್ರೇ, ಮಿಷನ್ ಹಿಟ್ಟು ತಿಂದ ಮಂಡಿ" ಎಂದು ತಟ್ಟಿಕೊಂಡ. ಒಳಗೆ ದೊಡ್ಡಮ್ಮ ಬೀಸುತ್ತಿದ್ದ ಕಲ್ಲಿನ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ನಮ್ಮ ಮನೆಗೆ ಮಿಷನ್ ಹಿಟ್ಟು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಇಂದಿನ ನನ್ನ ಮಂಡಿ ನೋಡಿದರೆ ಮೇಷ್ಟ್ರೇ ಸರಿಯಿದ್ದರೋ ಏನೋ.

ನನ್ನನ್ನು ಹೆತ್ತವಳು ಅಮ್ಮ, ಎತ್ತಿ ಆಡಿಸಿದವಳು ದೊಡ್ಡಮ್ಮ. ಅವಳ ಹೆಸರು ಪಿಳ್ಳಮ್ಮ. ಸುತ್ತಿನ ಊರುಗಳಲ್ಲಿ ಯಾರ ಮನೆಯಲ್ಲಿ ಹೆಣ್ಣನ್ನು ಹಸೆಯ ಮೇಲೆ ಕೂರಿಸಿದರೂ ಸೋಬಾನೆ ಹಾಡಲು ಅವಳಿಗೆ ಕರೆ ಬರುತ್ತಿತ್ತು. ಆ ಹಾಡಿಗೆ ನಮ್ಮ ಕಡೆ ಒಂದು ಕಟ್ಟುಪಾಡಿದೆ. ಹಾಡುವವಳು ತಾನಾಗಿ ಬಾಯಿ ತೆರೆಯುವಂತಿಲ್ಲ. ಮನೆಯವರು ತಟ್ಟೆಯಲ್ಲಿ ಎಲೆ, ಅಡಿಕೆ, ಕುಂಕುಮ ಇಟ್ಟುಕೊಂಡು ಬಂದು, ಅವಳು ವಯಸ್ಸಿನಲ್ಲಿ ಎಷ್ಟೇ ಚಿಕ್ಕವಳಾಗಿರಲಿ, "ಹಾಡು ಎತ್ತಿಕೊಡ್ರವ್ವಾ" ಎಂದು ಮರ್ಯಾದೆಯಿಂದ ಕೇಳಬೇಕು. ಅವಳು ಸೆರಗೊಡ್ಡಿ ಆ ವೀಳ್ಯ ತೆಗೆದುಕೊಂಡ ಮೇಲೇ ಹಾಡು. ಹಾಡಿನ ಮೊದಲರ್ಧದಲ್ಲಿ ಹಸೆ ಬರೆಯುವುದು, ಕಳಶ ಇಡುವುದು, ಬಂಧುಗಳು ಬರುವುದು. ಕೊನೆಗೆ ಹೆಣ್ಣಿನ ಹೆಸರು ಹಿಡಿದು ಹರಸುವ ಸಾಲುಗಳು. ದೊಡ್ಡಮ್ಮ ಆ ಹೆಸರನ್ನು ರಾಗದೊಳಗೆ ಕೂರಿಸುವ ಚೆಂದಕ್ಕೇ ಹೆಂಗಸರು ಕಾದಿರುತ್ತಿದ್ದರು. ಎಂಥ ಒರಟು ಹೆಸರಾದರೂ ಅವಳ ಬಾಯಲ್ಲಿ ಹೊಸ ಸೀರೆ ಉಟ್ಟುಕೊಳ್ಳುತ್ತಿತ್ತು.

ನನಗೆ ಆ ಸಾಲುಗಳ ಮೇಲೆ ಎಲ್ಲರಿಗಿಂತ ಹೆಚ್ಚು ಆಸೆ, ಏಕೆಂದರೆ ನನ್ನದು ಒರಟು ಹೆಸರು. ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ನಿಜವಾದ ಹೆಸರು ಅಜ್ಜಿಯ ಅತ್ತೆಯದಂತೆ, ಅಕ್ಕಯ್ಯಮ್ಮ. ಸ್ಕೂಲಿನಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ಹುಡುಗರು ಕಿಸಕ್ಕೆನ್ನುತ್ತಿದ್ದರು. ಎಂಟು ವರ್ಷದ ಹುಡುಗಿಗೆ ಎಂಬತ್ತು ವರ್ಷದ ಹೆಸರು. ನಾನು ಅಳುತ್ತ ಮನೆಗೆ ಬಂದ ದಿನ ದೊಡ್ಡಮ್ಮ ಮೂಗು ಒರೆಸಿ, "ಅಳ್ಬೇಡ ಕಣವ್ವಾ. ನಿನ್ನ ಹಸೆ ಮೇಲೆ ಕೂರ್ಸಿದ ದಿನ ಈ ಹೆಸ್ರ್ನ ಹೆಂಗೆ ಹಾಡ್ತೀನಿ ನೋಡ್ತಿರು. ಆ ಹುಡುಗ್ರೆಲ್ಲಾ ಬಾಯ್ ಬಿಟ್ಕೊಂಡು ಕೇಳ್ಬೇಕು" ಎಂದಳು. ಅಷ್ಟು ಸಾಕಾಯಿತು. ಅಂದಿನಿಂದ ನಾನು ಮದುವೆಗೆ ಕಾದದ್ದು ಗಂಡನಿಗಾಗಿ ಅಲ್ಲ, ಆ ಒಂದು ಸಾಲಿಗಾಗಿ.

ಈಗ ಪೆಟ್ಟಿಗೆಯ, ಅಂದರೆ ಗ್ರಾಮಫೋನಿನ, ಕಥೆಗೆ ಬರುತ್ತೇನೆ. ದೊಡ್ಡಪ್ಪ ಗ್ರಾಮಫೋನು ತಂದ ಹೊಸತರಲ್ಲಿ, ಬೆಂಗಳೂರಿನಲ್ಲಿ ಹಾಡಿನ ಪ್ಲೇಟು ಮಾಡುವ ಕಂಪನಿಯವರೊಬ್ಬರು ಮನೆ ಹಿಡಿದು ಹಾಡುವವರನ್ನು ಹುಡುಕುತ್ತಿದ್ದಾರೆಂಬ ಸುದ್ದಿ ಬಂತು. ದೊಡ್ಡಪ್ಪ ದೊಡ್ಡಮ್ಮನನ್ನು ಬಸ್ಸು ಹತ್ತಿಸಿಕೊಂಡು ಹೊರಟೇಬಿಟ್ಟ. ಅಲ್ಲಿ ನಡೆದದ್ದನ್ನು ದೊಡ್ಡಮ್ಮನ ಬಾಯಿಂದಲೇ ಕೇಳಬೇಕು. ಗೋಡೆಗೆಲ್ಲ ಕಂಬಳಿ ಹೊದಿಸಿದ ಕೋಣೆ. ನಡುವೆ ಇವಳನ್ನು ನಿಲ್ಲಿಸಿ ಹಾಡು ಎಂದರಂತೆ. ಇವಳು ಬಾಯಿಯೇ ಬಿಡಲಿಲ್ಲ. ಹೆದರಿದ್ದಾಳೆ ಎಂದು ಕಂಪನಿಯವರು ನೀರು ಕೊಟ್ಟರು, ಕಾಫಿ ಕೊಟ್ಟರು. ದೊಡ್ಡಪ್ಪನಿಗೆ ಆಗ ಹೊಳೆಯಿತು. ಮಾರ್ಕೆಟ್ಟಿಗೆ ಓಡಿ ಎಲೆ ಅಡಿಕೆ ತಂದು ಕಂಪನಿಯ ಮನುಷ್ಯನ ಕೈಗಿಟ್ಟು, "ಇದ್ನ ಕೊಟ್ಟು ಕೇಳಿ ಸ್ವಾಮಿ" ಎಂದ. ಬೂಟು ಹಾಕಿದ ಆ ಮನುಷ್ಯ ಗಾಬರಿಯಿಂದ ಎರಡೂ ಕೈಯಲ್ಲಿ ವೀಳ್ಯ ನೀಡಿದ ಮೇಲೆ ಇವಳು ಹಾಡಿದಳು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಕೆಂಪು ದೀಪ ಹತ್ತಿತು. ನಿಲ್ಲಿಸು ಎಂದು ಕೈ ಸನ್ನೆ. ಪ್ಲೇಟು ತುಂಬಿತಂತೆ.

"ಹೆಸ್ರಿನ ಸಾಲು ಬರ್ಲೇ ಇಲ್ವಲ್ಲಾ ದೊಡ್ಡಮ್ಮ?" ಎಂದು ನಾನು ಕೇಳಿದ್ದೆ.

"ಬಂದಿದ್ರೂ ಯಾರ ಹೆಸ್ರು ಹೇಳ್ಲವ್ವಾ? ಆ ಕಂಬಳಿ ಕೋಣೇಲಿ ಮದುವಣಗಿತ್ತಿ ಎಲ್ಲಿದ್ಲು?"

ಪ್ಲೇಟು ಊರಿಗೆ ಬಂದ ದಿನ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೆಟ್ಟಿಗೆಯೊಳಗಿನಿಂದ ದೊಡ್ಡಮ್ಮನ ದನಿ, ಪಕ್ಕದಲ್ಲೇ ಬಾಯಿ ಮುಚ್ಚಿ ನಿಂತ ದೊಡ್ಡಮ್ಮ. ಜನ ಒಮ್ಮೆ ಅದನ್ನು, ಒಮ್ಮೆ ಇವಳನ್ನು ನೋಡಿದರು. ಮೇಷ್ಟ್ರು ಮಾತ್ರ ನಶ್ಯ ಏರಿಸಿ, "ದನಿ ಚೆನ್ನಾಗಿದೆ. ಆದ್ರೆ ಇದು ಸಂಗೀತ ಅಲ್ಲ ಗೌಡ್ರೇ. ತಾಳವಿಲ್ಲ, ಪಕ್ಕವಾದ್ಯವಿಲ್ಲ. ಮನೆ ಹೆಂಗಸರ ಹಾಡು ಅಷ್ಟೇ" ಎಂದರು. ದೊಡ್ಡಪ್ಪ ಬಿಡುತ್ತಾನೆಯೇ? "ಪ್ಲೇಟಲ್ಲಿ ಬಂದ ಮೇಲೆ ಎಲ್ಲಾ ಸಂಗೀತವೇ ಮೇಷ್ಟ್ರೇ" ಎಂದ. ಪೆಟ್ಟಿಗೆಯಲ್ಲಿ ಬಂದದ್ದು ಸಂಗೀತ, ಅಚ್ಚಿನಲ್ಲಿ ಬಂದದ್ದು ಸತ್ಯ ಎಂದು ಅವನು ಕಡೆಯವರೆಗೂ ನಂಬಿದ್ದ. ಈಗ ಮೊಮ್ಮಗ ಟೇಪ್ ರೆಕಾರ್ಡರಿನ ಮುಂದೆ ಕಣ್ಣು ಮುಚ್ಚಿ ತಲೆದೂಗುವುದನ್ನು ಕಂಡಾಗ, ದೊಡ್ಡಪ್ಪ ಎಲ್ಲಿಗೂ ಹೋಗಿಲ್ಲ ಅನ್ನಿಸುತ್ತದೆ.

ಆಮೇಲೆ ಮದುವೆ ಮನೆಗಳಿಂದ ಗಾಡಿಗಳು ಬರತೊಡಗಿದವು. ಬರುತ್ತಿದ್ದುದು ಪೆಟ್ಟಿಗೆಗಾಗಿ. ಹಸೆಯ ಮುಂದೆ ಪೆಟ್ಟಿಗೆ ಇಟ್ಟು ಹಾಡಿಸುವುದೇ ಒಂದು ಜಂಬ. ಪೆಟ್ಟಿಗೆ ಹೋದಲ್ಲಿಗೆ ದೊಡ್ಡಪ್ಪ, ದೊಡ್ಡಪ್ಪ ಹೋದಲ್ಲಿಗೆ ದೊಡ್ಡಮ್ಮ, ಅವಳ ಸೆರಗು ಹಿಡಿದು ನಾನು.

ಮೊದಲ ಸಲ ಹೋದದ್ದು ಪಕ್ಕದೂರಿನ ಒಂದು ಮದುವೆಗೆ. ಹೆಣ್ಣನ್ನು ಹಸೆಯ ಮೇಲೆ ಕೂರಿಸಿದರು. ಮನೆಯೊಡತಿ ತಟ್ಟೆಯಲ್ಲಿ ವೀಳ್ಯ ಹಿಡಿದು ನಮ್ಮ ಕಡೆಯೇ ಬಂದಳು. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಒಡ್ಡಿದಳು. ಮನೆಯೊಡತಿ ನಮ್ಮನ್ನು ದಾಟಿ ಮುಂದೆ ಹೋದಳು. ಪೆಟ್ಟಿಗೆಯ ಕಹಳೆಗೆ ಕುಂಕುಮ ಹಚ್ಚಿ, ಅದರ ಮುಂದೆ ವೀಳ್ಯವಿಟ್ಟು, ಕೈ ಜೋಡಿಸಿ, "ಹಾಡು ಎತ್ತಿಕೊಡ್ರವ್ವಾ" ಎಂದಳು. ಯಾರೂ ನಗಲಿಲ್ಲ. ಹಾಡುವವರಿಗೆ ವೀಳ್ಯ ಕೊಡಬೇಕಲ್ಲ. ಅಂದು ಹಾಡುವುದು ಪೆಟ್ಟಿಗೆ, ಕೊಟ್ಟರು. ಮನೆಯೊಡತಿಯ ಮನಸ್ಸಿನಲ್ಲಿ ಒಂದು ಚೂರೂ ಕೆಟ್ಟದ್ದಿರಲಿಲ್ಲ. ದೊಡ್ಡಮ್ಮ ಒಡ್ಡಿದ ಸೆರಗನ್ನು ಹಾಗೇ ಮೇಲೆತ್ತಿ, ಮುಖ ಒರೆಸಿಕೊಳ್ಳಲೆಂದೇ ಹಿಡಿದಿದ್ದವಳಂತೆ ಮುಖ ಒರೆಸಿಕೊಂಡಳು. ನಾನು ಪಕ್ಕದಲ್ಲಿದ್ದೆ. ಕೊಬ್ಬರಿ ಸಕ್ಕರೆ ಯಾವಾಗ ಹಂಚುತ್ತಾರೆ ಎಂಬ ಯೋಚನೆಯಲ್ಲಿದ್ದೆ. ಆದರೂ ಆ ಸೆರಗು ನನ್ನ ಕಣ್ಣಲ್ಲಿ ಉಳಿದುಹೋಯಿತು.

ಅಲ್ಲಿಂದ ಎಲ್ಲ ಊರಲ್ಲೂ ಅದೇ ಪದ್ಧತಿಯಾಯಿತು. ವೀಳ್ಯ ಪೆಟ್ಟಿಗೆಗೆ. ಹಾಡು ಅರ್ಧಕ್ಕೇ ನಿಲ್ಲುತ್ತದೆ, ಹೆಣ್ಣಿನ ಹೆಸರು ಬರುವುದಿಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪೆಟ್ಟಿಗೆ ಹಾಡಿತಲ್ಲ, ಅದೇ ದೊಡ್ಡದು. ದೊಡ್ಡಮ್ಮ ಮದುವೆಗಳಿಗೆ ಹೋಗುವುದನ್ನು ಮೆಲ್ಲಗೆ ಬಿಟ್ಟಳು. ಆಮೇಲೆ ಬೀಸುವ ಕಲ್ಲಿನ ಮುಂದೆಯೂ ಅವಳ ಗುನುಗು ನಿಂತಿತು. ಊರು ಕೂಡಲೇ ತೀರ್ಪು ಕೊಟ್ಟಿತು: "ಪಿಳ್ಳಮ್ಮನ ದನೀನ ಪೆಟ್ಟಿಗೆ ನುಂಗ್ಬಿಡ್ತು." ದೊಡ್ಡಪ್ಪನಂಥ ಹೊಸಕಾಲದವನೂ ಅದನ್ನು ನಂಬಿದ. ಅವಳ ಗಂಟಲಿಗೆ ಏನೋ ಆಗಿದೆ ಎಂದು ದಿನಾ ಬೆಳಗ್ಗೆ ಮೆಣಸು ಬೆಲ್ಲ ಅರೆಸಿ ತಾನೇ ತಂದುಕೊಡುತ್ತಿದ್ದ. "ನೀನು ದಣೀಬೇಡ ಕಣೇ. ನಿನ್ನ ದನಿ ಪ್ಲೇಟಲ್ಲಿ ಭದ್ರವಾಗೈತೆ" ಎನ್ನುತ್ತಿದ್ದ. ಅವಳು ಮೆಣಸು ಬೆಲ್ಲ ಬಾಯಿಗೆ ಹಾಕಿಕೊಂಡು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದಳು. ಅಷ್ಟು ಪ್ರೀತಿ ಇದ್ದ ಮನುಷ್ಯನಿಗೆ ಅಷ್ಟು ಸಣ್ಣ ವಿಷಯ ಕಾಣಲಿಲ್ಲವಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಷ್ಟರಲ್ಲಿ ಯುದ್ಧ ಬಂತು. ನಮ್ಮ ಪಾಲಿಗೆ ಯುದ್ಧವೆಂದರೆ ಸೀಮೆಎಣ್ಣೆ ಸಿಗದಿರುವುದು, ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸನ್ನು ಏರಿನಲ್ಲಿ ಇಳಿದು ತಳ್ಳುವುದು, ಮತ್ತು ಗ್ರಾಮಫೋನಿನ ಪಿನ್ನು ಮಾಯವಾದದ್ದು. ಒಂದೊಂದು ಸಲ ಹಾಡಿಸಿದಾಗಲೂ ಹೊಸ ಪಿನ್ನು ಹಾಕಬೇಕು. ಇಲ್ಲದಿದ್ದರೆ ಮೊಂಡು ತುದಿ ಪ್ಲೇಟನ್ನು ಕೆರೆಯುತ್ತದೆ. ದೊಡ್ಡಪ್ಪ ಹಳೆಯ ಪಿನ್ನುಗಳನ್ನು ಸಾಣೆಕಲ್ಲಿಗೆ ಉಜ್ಜಿ ಉಜ್ಜಿ ಹಾಕಿದ. ದೊಡ್ಡಮ್ಮನ ದನಿಯ ಜೊತೆ ಹಂಚಿನ ಮೇಲೆ ಹುರಿದಂಥ ಸದ್ದು ಸೇರಿಕೊಂಡಿತು. ಒಂದು ದಿನ ಹೊಲದ ಬೇಲಿಯಿಂದ ಉದ್ದನೆಯ ಬಿಳಿ ಜಾಲಿ ಮುಳ್ಳುಗಳನ್ನು ತಂದು, ತುಂಡರಿಸಿ, ಪಿನ್ನಿನ ಜಾಗಕ್ಕೆ ಸಿಕ್ಕಿಸಿದ. ಹಾಡಿತು! ಸದ್ದು ಕಡಿಮೆ, ಆದರೆ ಕೆರೆತವಿಲ್ಲ.

ಇದರ ಮೇಲೆ ಜಗಲಿಯಲ್ಲಿ ನಡೆದ ಚರ್ಚೆಯನ್ನು ನೀವು ಕೇಳಬೇಕಿತ್ತು. ದೊಡ್ಡಪ್ಪ ಆಗ ಖಾದಿ ಟೋಪಿ ಹಾಕತೊಡಗಿದ್ದ. "ಸ್ವದೇಶಿ ಪಿನ್ನು ಮೇಷ್ಟ್ರೇ! ಬೇಲೀಲಿ ಬೆಳೀತದೆ. ಪರದೇಶದವನು ಕಳಿಸ್ದೆ ಹೋದ್ರೆ ನಮ್ಮ ಹಾಡು ನಿಲ್ತದಾ?" ಎಂದ.

"ಪಿನ್ನು ಸ್ವದೇಶಿ. ಪೆಟ್ಟಿಗೆ ಯಾವ ದೇಶದ್ದು?" ಎಂದರು ಮೇಷ್ಟ್ರು.

ದೊಡ್ಡಪ್ಪ ಟೋಪಿ ಸರಿಮಾಡಿಕೊಂಡು, "ಪೆಟ್ಟಿಗೆ ಮಾವನ ಮನೇದು ಅಂತ ಇಟ್ಕಳಿ. ಬಂದ ಮೇಲೆ ನಮ್ಮದೇ" ಎಂದ.

ಅಲ್ಲಿಂದ ಮಾತು ರಾಜಕೀಯಕ್ಕೆ ಹೊರಳುತ್ತಿತ್ತು. ದೊಡ್ಡಪ್ಪನದು ವಿಚಿತ್ರ ರಾಜಕೀಯ. ಬಿಳಿಯರು ಹೋಗಬೇಕು, ಮಹಾರಾಜರು ಇರಬೇಕು, ಜನ ಆರಿಸಿದ ಜವಾಬ್ದಾರಿ ಸರ್ಕಾರವೂ ಬರಬೇಕು. ಮೂರೂ ಒಟ್ಟಿಗೆ ಹೇಗೆ ಎಂದರೆ, "ಒಂದೇ ಮನೇಲಿ ಅಜ್ಜ, ಅಪ್ಪ, ಮಗ ಇರಲ್ವಾ?" ಎನ್ನುತ್ತಿದ್ದ. ಮೇಷ್ಟ್ರದು ಸರ್ಕಾರದ ಸಂಬಳ. ಆದ್ದರಿಂದ ಅವರು ಪ್ರತಿ ಮಾತನ್ನೂ "ನಾನು ಏನೂ ಹೇಳಲಿಲ್ಲ ಗೌಡ್ರೇ" ಎಂದು ಆರಂಭಿಸಿ ಎಲ್ಲವನ್ನೂ ಹೇಳುತ್ತಿದ್ದರು. ಓದು ಬರಹ ಬಾರದವರನ್ನು ಕೇಳಿ ರಾಜ್ಯ ನಡೆಸಲಾಗುವುದಿಲ್ಲ ಎಂಬುದು ಅವರ ದೃಢ ನಂಬಿಕೆ. ಎಲ್ಲರನ್ನೂ ಕೇಳಿಯೇ ನಡೆಸಬೇಕು ಎಂಬುದು ದೊಡ್ಡಪ್ಪನದು.

ಒಂದು ಸಂಜೆ ದೊಡ್ಡಮ್ಮ ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟವಳು ಬಾಗಿಲಲ್ಲೇ ನಿಂತಳು. ಜಗಲಿಯ ಮಾತಿಗೆ ಅವಳು ಬಾಯಿ ಹಾಕಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ನಿಮ್ಮ ಸರ್ಕಾರ ಬಂದ್ರೆ ಎಲ್ರನ್ನೂ ಕೇಳ್ತಾರಾ?"

"ಹೂಂ ಕಣೇ, ಎಲ್ರನ್ನೂ."

"ಹೆಂಗಸ್ರನ್ನೂವಾ?"

"ಹೆಂಗಸ್ರನ್ನೂ ಕೇಳ್ಬೇಕು. ಅದಕ್ಕೇ ಅಲ್ವಾ ನಾವು ಬಡ್ಕೊಳ್ಳೋದು!"

"ಹೆಂಗೆ ಕೇಳ್ತಾರೆ? ಎಲೆ ಅಡಿಕೆ ಕೊಟ್ಟು ಕೇಳ್ತಾರಾ, ಹಂಗೇ ಕೇಳ್ತಾರಾ?"

ದೊಡ್ಡಪ್ಪ ಮಜ್ಜಿಗೆ ನೆತ್ತಿಗೇರುವಷ್ಟು ನಕ್ಕ. ಮೇಷ್ಟ್ರೂ ನಕ್ಕರು. ಅವರಿಬ್ಬರೂ ಒಂದೇ ಮಾತಿಗೆ ಒಟ್ಟಿಗೆ ನಕ್ಕದ್ದು ಅದೊಂದೇ ಸಲ ಇರಬೇಕು. ಕಂಬಕ್ಕೊರಗಿ ಹೂ ಕಟ್ಟುತ್ತಿದ್ದ ನಾನೂ ನಕ್ಕೆ. ದೊಡ್ಡಮ್ಮ ನಗಲಿಲ್ಲ. ಖಾಲಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು.

ಯುದ್ಧ ಮುಗಿದ ಮೇಲೆ ನನ್ನ ಮದುವೆ ಗೊತ್ತಾಯಿತು. ಗಂಡು ಚಿಂತಾಮಣಿಯ ಕಡೆಯವರು, ಮನೆಯಲ್ಲಿ ಅರ್ಧ ತೆಲುಗು. ಮದುವೆಗೆ ಮುಂಚೆ ದೊಡ್ಡಮ್ಮ ನನ್ನ ತಲೆ ಬಾಚುತ್ತಿದ್ದಾಗ ಇಷ್ಟು ವರ್ಷ ಗಂಟಲಲ್ಲಿದ್ದುದನ್ನು ಕೇಳಿಯೇಬಿಟ್ಟೆ.

"ದೊಡ್ಡಮ್ಮ, ನಿನ್ನ ದನೀನ ನಿಜವಾಗ್ಲೂ ಪೆಟ್ಟಿಗೆ ನುಂಗ್ತಾ?"

ಬಾಚಣಿಗೆ ನಿಂತಿತು. "ದನಿ ಎಲ್ಲಿಗೆ ಹೋಗ್ತದವ್ವಾ? ಇಲ್ಲೇ ಐತೆ. ಕೇಳೋರು ಅತ್ಲಾಗೆ ಹೋದ್ರು, ಅಷ್ಟೇಯ."

ಆಗ ನನಗೆ ಆ ಸೆರಗು ನೆನಪಾಯಿತು. "ಹಂಗಾದ್ರೆ ನನ್ನ ಹಸೆಗೆ ಹಾಡ್ತೀಯಾ? ಹಾಡ್ತೀನಿ ಅಂದಿದ್ದೆ ನೀನು. ನಾನು ಈಗ್ಲೇ ಕೇಳ್ತಾ ಇದೀನಿ."

"ಹಸೆ ಮೇಲೆ ಕೂರೋಳು ಕೇಳೋ ಹಂಗಿಲ್ಲ ಕಣವ್ವಾ. ಮನೆಯೋರು ಕೇಳ್ಬೇಕು."

"ದೊಡ್ಡಪ್ಪನಿಗೆ ಹೇಳ್ತೀನಿ."

ಅವಳು ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಕಣ್ಣು ತುಂಬಿದ್ದವು. "ಬ್ಯಾಡ. ನನ್ನಾಣೆ ಐತೆ. ಹೇಳ್ಕೊಟ್ಟು ಕೇಳ್ಸಿದ್ದು ಕೇಳಿದ್ದಲ್ಲ. ಅವ್ರಿಗೇ ಅನ್ನಿಸ್ಬೇಕು. ಅನ್ನಿಸ್ದಿದ್ರೆ ಪ್ಲೇಟು ಐತಲ್ಲ, ಹಾಡ್ತದೆ."

ಆಣೆ ಹಾಕಿದ ಮೇಲೆ ಏನು ಮಾಡಲಿ? ಚಪ್ಪರ ಹಾಕುವುದು, ಅಕ್ಕಿ ಕೇರುವುದು, ನೆಂಟರು ಬರುವುದು, ಎಲ್ಲ ನಡೆಯಿತು. ದೊಡ್ಡಪ್ಪ ಪೆಟ್ಟಿಗೆಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಹೊಳೆಯಿಸಿದ. ಬೇಲಿಯಿಂದ ಒಳ್ಳೆಯ ಮುಳ್ಳುಗಳನ್ನು ಆರಿಸಿ ತಂದು ಡಬ್ಬಿಗೆ ತುಂಬಿಸಿದ. ಪ್ರತಿ ಮುಳ್ಳನ್ನೂ ಬೆಳಕಿಗೆ ಹಿಡಿದು ನೋಡುತ್ತ, "ನಿನ್ ಮದುವೇಲಿ ಹೆಂಗ್ ಹಾಡಿಸ್ತೀನಿ ನೋಡ್ತಿರು ಪುಟ್ಟೀ" ಎಂದು ಬೀಗುತ್ತಿದ್ದ. ನಾನು ಅವನ ಮುಖ ನೋಡಲಾರದೆ ಒಳಗೆ ಹೋಗುತ್ತಿದ್ದೆ. ನೆಂಟರೆಲ್ಲ, ಹುಡುಗಿಗೆ ತವರು ಬಿಡುವ ದುಃಖ ಎಂದುಕೊಂಡರು.

ಅರಿಶಿನದ ದಿನ ಬೆಳಗ್ಗೆ ನನ್ನನ್ನು ಹಸೆಯ ಮೇಲೆ ಕೂರಿಸಿದರು. ಗಂಡಿನ ಕಡೆಯ ಹೆಂಗಸರು ಅರಿಶಿನ ತಂದು ಮುಂದೆ ಕುಳಿತಿದ್ದರು. ದೊಡ್ಡಮ್ಮ ಒಂದು ಮೂಲೆಯಲ್ಲಿ ತಲೆ ಬಗ್ಗಿಸಿ ಅರಿಶಿನ ಕಲಸುತ್ತಿದ್ದಳು. ಅಮ್ಮ ವೀಳ್ಯದ ತಟ್ಟೆ ತಂದಳು. ನಾನು ದೊಡ್ಡಮ್ಮನ ಕಡೆ ನೋಡಿದೆ. ಅಮ್ಮ ಕಹಳೆಗೆ ಕುಂಕುಮ ಹಚ್ಚಿ ತಟ್ಟೆಯನ್ನು ಪೆಟ್ಟಿಗೆಯ ಮುಂದಿಟ್ಟಳು.

ದೊಡ್ಡಪ್ಪ ಕೀಲಿ ಕೊಟ್ಟು, ಮುಳ್ಳು ಸಿಕ್ಕಿಸಿ, ಪ್ಲೇಟಿನ ಮೇಲಿಟ್ಟ. ಸವೆದ ಪ್ಲೇಟಿನಿಂದ, ಮುಳ್ಳಿನ ಮೆಲುದನಿಯಲ್ಲಿ ಹಾಡು ಬಂತು. ಮುಂದೆ ಕುಳಿತವರು ಹಿಂದಿದ್ದವರಿಗೆ ಸುಮ್ಮನಿರಿ ಎಂದರು. ಕಳಶ ಇಟ್ಟದ್ದಾಯಿತು, ಬಂಧುಗಳು ಬಂದದ್ದಾಯಿತು, ಕಟಕ್ಕೆಂದು ನಿಂತಿತು.

ಗಂಡಿನ ಸೋದರತ್ತೆ, ಮೂಗಿನ ಎರಡೂ ಕಡೆ ಬೇಸರಿ ಹಾಕಿದ್ದ ದೊಡ್ಡ ಹೆಂಗಸು, ಸುತ್ತ ನೋಡಿ, "ಪಿಲ್ಲ ಪೇರೇದಿ?" ಎಂದರು. ಯಾರಿಗೂ ತಿಳಿಯಲಿಲ್ಲವೆಂದು ಕನ್ನಡದಲ್ಲೇ ಕೇಳಿದರು: "ಹುಡುಗಿ ಹೆಸ್ರು ಎಲ್ಲಮ್ಮಾ? ಹಾಡಲ್ಲಿ ಬರ್ಲೇ ಇಲ್ಲ?"

"ಪೆಟ್ಟಿಗೆ ಅಷ್ಟೇ ಹಾಡೋದು" ಎಂದರು ಯಾರೋ.

"ಹಾಗಾದ್ರೆ ಪೆಟ್ಟಿಗೆ ಯಾವ ಹುಡುಗೀನ ಹರಸ್ತು? ನಮ್ಮ ಮನೆಗೆ ಬರೋದು ಯಾರು ಅಂತ ದೇವ್ರಿಗೆ ಗೊತ್ತಾಗ್ಬೇಡ್ವಾ?"

ದೊಡ್ಡಪ್ಪ ಸಡಗರದಿಂದ, "ಇರಿ ಇರಿ, ಇನ್ನೊಂದ್ಸಲ" ಎಂದು ಮೊದಲಿನಿಂದ ಹಾಕಿದ. ಅದೇ ಕಳಶ, ಅದೇ ಬಂಧುಗಳು, ಕಟಕ್. ಕೀಲಿ ಸಾಲದೇನೋ ಎಂದು ಬಿಗಿಯಾಗಿ ತಿರುಗಿಸಿ ಮತ್ತೆ ಹಾಕಿದ. ಅವನ ಹಣೆ ಬೆವರುತ್ತಿತ್ತು. ಮತ್ತೆ ಅಲ್ಲೇ ನಿಂತಿತು. ಅವನು ಬಗ್ಗಿ ಕಹಳೆಯ ಬಾಯೊಳಗೆ ನೋಡಿದ. ಬ್ಯಾಟರಿ ಬಿಟ್ಟು ಬಾವಿಯಲ್ಲಿ ಚೊಂಬನ್ನು ನೋಡಿದವನು ಹೀಗೆಯೇ ಬಗ್ಗಿದ್ದ. ಅಲ್ಲಿ ಚೊಂಬಾದರೂ ಕಂಡಿತ್ತು.

ಅವನು ತಲೆ ಎತ್ತಿದ. ನನ್ನನ್ನು ನೋಡಿದ. ನಾನು ಆಣೆಗೆ ಕಟ್ಟುಬಿದ್ದು ತುಟಿ ಕಚ್ಚಿಕೊಂಡಿದ್ದೆ, ಕಣ್ಣೀರು ಮಾತ್ರ ನನ್ನ ಮಾತು ಕೇಳಲಿಲ್ಲ. ಆಮೇಲೆ ಅವನ ಕಣ್ಣು ಮೂಲೆಗೆ ಹೋಯಿತು. ದೊಡ್ಡಮ್ಮ ಕಲಸಿ ಮುಗಿದ ಅರಿಶಿನವನ್ನೇ ಇನ್ನೂ ಕಲಸುತ್ತಿದ್ದಳು. ಅವನು ಪೆಟ್ಟಿಗೆಯ ಮುಂದಿದ್ದ ತಟ್ಟೆಯನ್ನು ನೋಡಿದ, ಅವಳನ್ನು ನೋಡಿದ. ಒಂದು ಗಳಿಗೆ ಅವನ ಮುಖ ಮಗುವಿನ ಮುಖವಾಗಿತ್ತು.

ಗಂಡಸರು ಹೆಂಗಸರ ನಡುವೆ ತಟ್ಟೆ ಹಿಡಿದು ಬರುವ ಪದ್ಧತಿ ನಮ್ಮಲ್ಲಿಲ್ಲ. ದೊಡ್ಡಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ವೀಳ್ಯದ ತಟ್ಟೆಯನ್ನು ಎತ್ತಿಕೊಂಡು, ಎಲ್ಲರ ಸೀರೆಯ ನೆರಿಗೆ ತುಳಿಯದಂತೆ ಹೆಜ್ಜೆ ಹುಡುಕುತ್ತ ಮೂಲೆಗೆ ಹೋದ. ನಾನು ಹುಟ್ಟಿದಾಗಿನಿಂದ ಅವನು ಅವಳನ್ನು "ಲೇ", "ಇವಳೇ" ಎಂದಲ್ಲದೆ ಕರೆದದ್ದನ್ನು ನಾನು ಕೇಳಿರಲಿಲ್ಲ. ಅವಳ ಮುಂದೆ ಬಗ್ಗಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ:

"ಪಿಳ್ಳಮ್ನೋರೇ, ಹಾಡು ಎತ್ತಿಕೊಡ್ರವ್ವಾ."

ಹೆಂಡತಿಗೆ ಬಹುವಚನ! ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡರು. ದೊಡ್ಡಮ್ಮ ತಕ್ಷಣ ತಲೆ ಎತ್ತಲಿಲ್ಲ. ಅರಿಶಿನದ ಕೈ ತೊಳೆಯಲೂ ಇಲ್ಲ. ಆ ಹಳದಿ ಕೈಗಳಲ್ಲೇ ಸೆರಗಿನ ತುದಿ ಹಿಡಿದು ಒಡ್ಡಿದಳು. ಎಲೆಗಳು ಸೆರಗಿಗೆ ಬಿದ್ದವು.

ಅವಳು ಹಾಡಿದಳು. ನಿಜ ಹೇಳಬೇಕೆಂದರೆ ಪ್ಲೇಟಿನಲ್ಲಿದ್ದ ದನಿಯೇ ಇದಕ್ಕಿಂತ ಚೆನ್ನಾಗಿತ್ತು. ಇಷ್ಟು ವರ್ಷ ಮುಚ್ಚಿಟ್ಟ ದನಿ. ಮೇಲೆ ಹೋದಾಗ ಬಿರಿಯಿತು, ಕೆಳಗೆ ಬಂದಾಗ ನಡುಗಿತು. ಎರಡು ಕಡೆ ಉಸಿರಿಗಾಗಿ ನಿಂತಳು. ಆದರೆ ಕಳಶ ಇಟ್ಟು, ಬಂಧುಗಳನ್ನು ಕರೆದು, ಕಟಕ್ಕೆನ್ನುವ ಜಾಗ ಬಂದಾಗ ಅವಳು ನಿಲ್ಲಲಿಲ್ಲ. ಅದನ್ನು ದಾಟಿ ಮುಂದೆ ಹೋದಳು. ನನ್ನನ್ನೇ ನೋಡುತ್ತ, ಆ ಎಂಬತ್ತು ವರ್ಷದ ಹೆಸರನ್ನು ಬಿಡಿಸಿ ಬಿಡಿಸಿ ಹಾಡಿದಳು. ಅಕ್ಕ ಬೇರೆ, ಅಯ್ಯ ಬೇರೆ, ಅಮ್ಮ ಬೇರೆ, ಮೂವರೂ ಸೇರಿ ನನ್ನನ್ನು ಹರಸಿದಂತೆ. ನಾನು ಹಸೆಯ ಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ಗಂಡಿನ ಸೋದರತ್ತೆ, "ಆಂ, ಈಗ ಸರಿ" ಎಂದರು. ಅಂದಿನಿಂದ ನನ್ನ ಹೆಸರಿನ ಮೇಲೆ ನನಗೆ ಮುನಿಸಿಲ್ಲ.

ಸಂಜೆ ಜಗಲಿಯಲ್ಲಿ ಮೇಷ್ಟ್ರು ಎಂದಿನಂತೆ, "ನಾನು ಏನೂ ಹೇಳಲಿಲ್ಲ ಗೌಡ್ರೇ, ಆದ್ರೆ ಶ್ರುತಿ ಎರಡು ಕಡೆ ತಪ್ಪಿತು" ಎಂದರು. ದೊಡ್ಡಪ್ಪ ವಾದಿಸಲಿಲ್ಲ. "ತಪ್ತು ಮೇಷ್ಟ್ರೇ" ಎಂದು ಒಪ್ಪಿಕೊಂಡು ಡಬ್ಬಿಯ ಮುಳ್ಳುಗಳನ್ನು ಅಂಗಳದಾಚೆ ಸುರಿಯಲು ಹೋದ. ನಾನು ಕಸಿದುಕೊಂಡೆ. ಹಾಗೆ ಡಬ್ಬಿ ನನ್ನ ಜೊತೆ ಗಂಡನ ಮನೆಗೆ ಬಂತು. ಮೇಷ್ಟ್ರು ಅಂದು ವಾದ ಸಿಗದೆ ಬೇಗ ಮನೆಗೆ ಹೋದರಂತೆ.

ದೊಡ್ಡಮ್ಮ ಆಮೇಲೆ ಬಹಳ ಮದುವೆಗಳಲ್ಲಿ ಹಾಡಿದಳು. ಪೆಟ್ಟಿಗೆಯೂ ಹೋಗುತ್ತಿತ್ತು, ನಾಟಕದ ಹಾಡುಗಳಿಗೆ ಅದು, ಹಸೆಗೆ ಅವಳು. ಅಷ್ಟರಲ್ಲಿ ಬಿಳಿಯರು ಹೋದರು. ಜವಾಬ್ದಾರಿ ಸರ್ಕಾರವೂ ಬಂತು. ದೊಡ್ಡಪ್ಪ ಹೇಳಿದಂತೆಯೇ ಒಂದು ದಿನ ಎಲ್ಲರಿಗೂ ಓಟು ಎಂದಾಯಿತು. ನಾನು ಎರಡನೆಯ ಬಾಣಂತನಕ್ಕೆ ಊರಿಗೆ ಬಂದಿದ್ದೆ. ದೊಡ್ಡಮ್ಮ ತಲೆಗೆ ನೀರು ಹಾಕಿಕೊಂಡು, ಮದುವೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟು ಓಟು ಹಾಕಲು ಸ್ಕೂಲಿಗೆ ಹೋದಳು. ಬೆರಳಿನ ಮಸಿ ಸೀರೆಗೆ ತಾಗದಂತೆ ಕೈಯನ್ನು ದೂರ ಹಿಡಿದುಕೊಂಡು ಹಿಂದಿರುಗಿದಳು.

"ಹೆಂಗಾಯ್ತು ದೊಡ್ಡಮ್ಮ? ಎಲೆ ಅಡಿಕೆ ಕೊಟ್ಟು ಕೇಳಿದ್ರಾ?" ಎಂದು ನಾನು ರೇಗಿಸಿದೆ.

ಅವಳು ಮಗುವಿನ ತೊಟ್ಟಿಲ ಪಕ್ಕ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡಳು. ಈ ಸಲ ನಿಜವಾಗಿಯೂ ಬೆವರು.

"ಎಲೆ ಅಡಿಕೆ ಕೊಡ್ಲಿಲ್ಲ ಕಣವ್ವಾ. ಆದ್ರೆ ಪಿಳ್ಳಮ್ಮ ಅಂತ ಹೆಸ್ರಿಡ್ದು ಕೂಗುದ್ರು. ಹೋಗ್ಲಿ ಪಾಪ ಅಂತ ಹಾಕ್ಬಂದೆ."